ನಲಿ-ಕಲಿ ಕೋಣೆಗೆ ಒಂದೇ ಫೋನು: ಮಗುವಿನ ಪ್ರಶ್ನೆ ಮುಂದೆ, ಯಂತ್ರ ಅದರ ಹಿಂದೆ

ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಚಾಪೆಯ ಮೇಲೆ ಕೂತು, ತಮ್ಮ ಕಾರ್ಡನ್ನು ತಾವೇ ಹುಡುಕಿ ತಂದು, ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ (ಕಾರ್ಡುಗಳ ಕ್ರಮ ತೋರಿಸುವ ಪಟ) ಹತ್ತುವ ಕೋಣೆಯಲ್ಲಿ, ಅಂದರೆ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ, ಯಾರಾದರೂ ಫೋನೋ ಟ್ಯಾಬ್ಲೆಟ್ಟೋ ತೆಗೆದರೆ ಏನಾಗುತ್ತದೆ? ಎಲ್ಲ ಮುಖಗಳೂ ಒಂದೇ ದಿಕ್ಕಿಗೆ ತಿರುಗುತ್ತವೆ. ಗುಂಪುಗಳು ಕರಗುತ್ತವೆ, ಅರ್ಧ ಮುಗಿದ ಕಾರ್ಡುಗಳು ನೆಲದಲ್ಲೇ ಉಳಿಯುತ್ತವೆ. ಮಗು ಕಲಿಯುವವನ ಜಾಗ ಬಿಟ್ಟು ನೋಡುಗನ ಜಾಗದಲ್ಲಿ ಕೂರುತ್ತದೆ. ಇದನ್ನು ತಪ್ಪಿಸಲು ಫೋನನ್ನು ಕೋಣೆಯ ಹೊರಗಿಡಬೇಕಾಗಿಲ್ಲ. ಕೋಣೆಯ ನಿಯಮಕ್ಕೆ ಅದನ್ನು ಒಳಪಡಿಸಿದರೆ ಸಾಕು.

ಆ ನಿಯಮ ಹೊಸದೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿ-ಕಲಿ ಶುರುವಾದಾಗ, ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು ಕಾರ್ಡುಗಳನ್ನು ತಾವೇ ಕೂತು ಬರೆದರು. ಓದಲು ಬಾರದ ಮಗುವೂ ಯಾರನ್ನೂ ಕೇಳದೆ ಮುಂದಿನ ಕಾರ್ಡನ್ನು ಹುಡುಕಿಕೊಳ್ಳಲಿ ಎಂದೇ ಕಾರ್ಡಿನ ಮೇಲೆ ಚಿತ್ರದ ಲೋಗೋ ಇರುವುದು. ಕೋಣೆಗೆ ಬರುವ ಯಾವ ಯಂತ್ರವನ್ನೂ ಇದೇ ಅಳತೆಯಿಂದ ಅಳೆಯಿರಿ. ಅದರಿಂದ ಮಗು ತಾನಾಗಿ ಮಾಡುವ ಕೆಲಸ ಹೆಚ್ಚಿತೇ, ಇಲ್ಲವೇ ಕಾಯುವುದು ಹೆಚ್ಚಿತೇ?

ಎಷ್ಟು ಬೇಕು, ಎಂಥದ್ದು ಬೇಕು

ಇಪ್ಪತ್ತೈದು ಮೂವತ್ತು ಮಕ್ಕಳ ಕೋಣೆಗೆ ಒಂದು ಫೋನು ಸಾಕು. ಇದು ಬಡತನದ ಲೆಕ್ಕವಲ್ಲ. ಒಂದೇ ಇದ್ದಾಗ ಅದನ್ನು ಹಂಚಿಕೊಳ್ಳಬೇಕು, ಹಂಚಿಕೊಳ್ಳುವಾಗ ಮಾತಾಡಬೇಕು, ಮೊದಲು ಯಾವುದರ ಚಿತ್ರ ತೆಗೆಯಬೇಕೆಂದು ವಾದ ಮಾಡಬೇಕು. ಕಲಿಕೆಯ ಬಹುಪಾಲು ಆ ವಾದದಲ್ಲೇ ಇದೆ. ಮಗುವಿಗೊಂದು ಟ್ಯಾಬ್ಲೆಟ್ ಕೊಟ್ಟ ಕೋಣೆ ಮೌನವಾಗಿಬಿಡುತ್ತದೆ.

ಕ್ಯಾಮೆರಾ, ಮೈಕು ಚೆನ್ನಾಗಿರುವ ಹಳೆಯ ಆಂಡ್ರಾಯ್ಡ್ ಫೋನು ಧಾರಾಳವಾಗಿ ಆಗುತ್ತದೆ. ದಾನವಾಗಿ ಬಂದ ಫೋನಿನಲ್ಲಿ ಮೂರು ವಿಷಯ ನೋಡಿಕೊಳ್ಳಿ. ಗಾಜು ಒಡೆದಿರಬಾರದು, ಆರು ವರ್ಷದ ಬೆರಳಿಗೆ ಚೂರು ಚುಚ್ಚುತ್ತದೆ. ಪೂರ್ತಿ ಚಾರ್ಜಿಗೆ ಮೂರು ಗಂಟೆಯಾದರೂ ನಡೆಯಬೇಕು. ಮೂರನೆಯದು ಬ್ಯಾಟರಿ: ಫೋನನ್ನು ಸಮತಟ್ಟಾದ ಮೇಜಿನ ಮೇಲೆ ಅಂಗಾತ ಇಟ್ಟು ಬೆರಳಿನಿಂದ ತಿರುಗಿಸಿ. ಬುಗುರಿಯಂತೆ ಸಲೀಸಾಗಿ ಸುತ್ತಿದರೆ ಬೆನ್ನು ಉಬ್ಬಿದೆ, ಒಳಗೆ ಬ್ಯಾಟರಿ ಊದಿದೆ ಎಂದು ಅನುಮಾನಿಸಿ. ಕ್ಯಾಮೆರಾ ಎದ್ದಿರುವ ಮಾದರಿಯಾದರೆ ಬದಿಯಿಂದ ನೋಡಿ. ಹಿಂಬದಿಯ ಮುಚ್ಚಳ ಚೌಕಟ್ಟಿನಿಂದ ಬಿಟ್ಟುಕೊಂಡಿದ್ದರೆ ಅದೇ ಗುರುತು. ಊದಿದ ಬ್ಯಾಟರಿಯ ಫೋನನ್ನು ಶಾಲೆಗೆ ತರಲೇಬೇಡಿ.

ಜೊತೆಗೆ ದಪ್ಪ ರಬ್ಬರ್ ಕವರು, 10,000 ಎಂಎಎಚ್‌ನ ಪವರ್ ಬ್ಯಾಂಕು, ಒರೆಸಲು ಮೆತ್ತನೆಯ ಹತ್ತಿಬಟ್ಟೆ, ಎರಡು ಭೂತಗನ್ನಡಿ, ಆರು ಇಟ್ಟಿಗೆ, 30 ಸೆಂಟಿಮೀಟರಿನ ಎರಡು ಮರದ ಸ್ಕೇಲು ಇರಲಿ. ಇಟ್ಟಿಗೆ ಏಕೆಂದು ಮುಂದೆ ತಿಳಿಯುತ್ತದೆ.

ಫೋನನ್ನು ಸಿದ್ಧಪಡಿಸುವುದು

ಇದಕ್ಕೆ ಒಂದು ಸಂಜೆ ಬೇಕು. ಮಕ್ಕಳ ಎದುರಿಗೆ ಮಾಡಬೇಡಿ.

1. ಹಳೆಯ ಗೂಗಲ್ ಖಾತೆಯನ್ನು ಸೆಟ್ಟಿಂಗ್ಸ್‌ನಿಂದ ಮೊದಲು ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ, ರೀಸೆಟ್ ಆದ ಮೇಲೆ ಹಿಂದಿನ ಒಡೆಯರ ಪಾಸ್‌ವರ್ಡ್ ಕೇಳಿ ಫೋನು ಅಲ್ಲಿಗೇ ನಿಂತುಬಿಡಬಹುದು.
2. ಸಿಮ್ ತೆಗೆಯಿರಿ. ಏರ್‌ಪ್ಲೇನ್ ಮೋಡ್ ಹಾಕಿ. ನಿಮ್ಮ ಸ್ವಂತ ಖಾತೆಯನ್ನು ಇದರಲ್ಲಿ ತೆರೆಯಬೇಡಿ. ತೆರೆದರೆ ಮಕ್ಕಳ ಚಿತ್ರಗಳು ನಿಮಗೆ ಗೊತ್ತಿಲ್ಲದೆ ಇಂಟರ್‌ನೆಟ್ಟಿನ ಸಂಗ್ರಹಕ್ಕೆ (ಕ್ಲೌಡ್) ಹೋಗಬಹುದು.
3. ಕ್ಯಾಮೆರಾ, ಧ್ವನಿ ಮುದ್ರಕ, ಗ್ಯಾಲರಿ, ಗಡಿಯಾರ ಈ ನಾಲ್ಕನ್ನು ಮೊದಲ ಪರದೆಯಲ್ಲಿಟ್ಟು ಉಳಿದವನ್ನು ತೆಗೆಯಿರಿ, ತೆಗೆಯಲಾಗದ್ದನ್ನು ನಿಷ್ಕ್ರಿಯಗೊಳಿಸಿ. ಬೇಕಾದ ಆಪ್ ಒಂದು ಫೋನಿನಲ್ಲಿ ಇಲ್ಲದಿದ್ದರೆ ಸ್ವಲ್ಪ ಹೊತ್ತು ವೈಫೈ ಹಾಕಿ, ಶಾಲೆಯ ಹೆಸರಿನ ಬೇರೆ ಖಾತೆಯಿಂದ ಈಗಲೇ ಹಾಕಿಕೊಂಡು, ಆ ಖಾತೆಯನ್ನೂ ವೈಫೈಯನ್ನೂ ತೆಗೆದುಬಿಡಿ.
4. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಸ್ಥಳದ ಗುರುತನ್ನು ಆಫ್ ಮಾಡಿ. ವಿಡಿಯೊ ಗುಣಮಟ್ಟವನ್ನು 720ಕ್ಕೆ ಇಳಿಸಿ. ಒಂದು ನಿಮಿಷದ ಧ್ವನಿ ಸುಮಾರು 1 ಎಂಬಿ ಹಿಡಿದರೆ, ಒಂದು ನಿಮಿಷದ ಫುಲ್ ಎಚ್‌ಡಿ ವಿಡಿಯೊ ನೂರರ ಆಸುಪಾಸು ಹಿಡಿಯುತ್ತದೆ. ಹಳೆಯ ಫೋನು ತುಂಬಿ ನಿಲ್ಲುವುದು ಬಹುತೇಕ ಇದೇ ಕಾರಣಕ್ಕೆ.
5. ಭದ್ರತೆಯ ವಿಭಾಗದಲ್ಲಿ ಆಪ್ ಪಿನ್ನಿಂಗ್ (ಪರದೆಯನ್ನು ಒಂದೇ ಆಪ್‌ಗೆ ಕಟ್ಟಿಹಾಕುವ ಸೌಲಭ್ಯ) ಆನ್ ಮಾಡಿ, ಬಿಡಿಸಲು ಗುಪ್ತ ಸಂಖ್ಯೆ ಕೇಳುವಂತೆ ಹೊಂದಿಸಿ. ಆಂಡ್ರಾಯ್ಡ್ 5ರಿಂದ ಈಚೆಗೆ ಇದು ಇದೆ. ಧ್ವನಿ ಮುದ್ರಕವನ್ನು ಪಿನ್ ಮಾಡಿ ಕೊಟ್ಟರೆ ಮಗು ಅದರಿಂದ ಆಚೆ ಹೋಗಲಾರದು, ನೀವು ಬೆನ್ನ ಹಿಂದೆ ನಿಂತು ಕಾಯಬೇಕಾಗಿಯೂ ಇಲ್ಲ.
6. ಪರದೆ ತಾನೇ ಆರುವ ಸಮಯವನ್ನು 2 ನಿಮಿಷಕ್ಕೆ ಇಡಿ. 15 ಸೆಕೆಂಡಿಗೆ ಬಿಟ್ಟರೆ ಪ್ರತಿ ಸಲವೂ ಮಗು "ಮಿಸ್, ಆಫಾಯ್ತು" ಎಂದು ನಿಮ್ಮ ಬಳಿ ಓಡಿ ಬರುತ್ತದೆ. ಸ್ವಕಲಿಕೆ ಕೆಡುವುದು ಇಂಥ ಸಣ್ಣ ವಿಷಯಗಳಲ್ಲೇ.

ಏಣಿಯ ಮೇಲೆ ಫೋನಿನ ಜಾಗ

ಫೋನು ಶಿಕ್ಷಕರ ಸಂಪೂರ್ಣ ಬೆಂಬಲಿತ ಗುಂಪಿಗೆ, ಅಂದರೆ ನಿಮ್ಮ ಜೊತೆಯಲ್ಲೇ ಕೂತು ಕಲಿಯುವ ಮಕ್ಕಳಿಗೆ, ಬೇಡ. ಆ ಮಗುವಿಗೆ ಈಗ ಬೇಕಿರುವುದು ನಿಮ್ಮ ಮುಖ, ನಿಮ್ಮ ತುಟಿಯ ಚಲನೆ, ನಿಮ್ಮ ಕಾಯುವಿಕೆ. ಫೋನಿನ ಜಾಗ ಸಹಪಾಠಿ ಬೆಂಬಲಿತ ಗುಂಪಿನಲ್ಲಿ, ಆಮೇಲೆ ಸ್ವಕಲಿಕೆಯ ಗುಂಪಿನಲ್ಲಿ.

ರಟ್ಟಿನಲ್ಲಿ ಮೂರು ಹೊಸ ಲೋಗೋ ಕಾರ್ಡು ಮಾಡಿ: ಕಣ್ಣು (ಚಿತ್ರ ತೆಗೆ), ಕಿವಿ (ಧ್ವನಿ ಹಿಡಿ), ಬಸವನಹುಳು (ನಿಧಾನ ಮಾಡಿ ನೋಡು). ಯಾವ ಮೈಲಿಗಲ್ಲಿನ (ಏಣಿಯ ಹಂತದ) ಯಾವ ಕಾರ್ಡಿನ ಜೊತೆಗೆ ಇವು ಹೊಂದುತ್ತವೆ ಎಂದು ನೀವೇ ತೀರ್ಮಾನಿಸಿ ಅಲ್ಲಿ ಸಿಕ್ಕಿಸಿ. ಎಲ್ಲ ಮೈಲಿಗಲ್ಲಿಗೂ ಸಿಕ್ಕಿಸಬೇಡಿ; ಹತ್ತರಲ್ಲಿ ಒಂದಕ್ಕೆ ಬಂದರೂ ಹೆಚ್ಚೇ.

ಒಂದು ಸಲಕ್ಕೆ ಮೂವರು. ಒಬ್ಬರು ಹಿಡಿಯುವವರು, ಒಬ್ಬರು ಏನನ್ನು ಹಿಡಿಯಬೇಕೆಂದು ಹೇಳುವವರು, ಒಬ್ಬರು ಸ್ಲೇಟಿನಲ್ಲಿ ಗುರುತು ಮಾಡುವವರು. ನಾಲ್ಕನೆಯ ಮಗು ಬಂದರೆ ಅದಕ್ಕೆ ಕೆಲಸವಿಲ್ಲ, ಅದು ನೋಡುಗ ಆಗುತ್ತದೆ. ಇಬ್ಬರೇ ಆದರೆ ಜೋರಿನವನೇ ಎಲ್ಲ ಮಾಡುತ್ತಾನೆ. ಐದೈದು ನಿಮಿಷಕ್ಕೆ ಪಾತ್ರ ಬದಲಾಗಲಿ, ಒಟ್ಟು 15 ನಿಮಿಷ. ಗೋಡೆ ಗಡಿಯಾರದ ದೊಡ್ಡ ಮುಳ್ಳು ಎಲ್ಲಿಗೆ ಬಂದಾಗ ಕೊಡಬೇಕು ಎಂದು ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿದರೆ ಜಗಳ ನಿಮ್ಮ ತನಕ ಬರುವುದಿಲ್ಲ.

ಒಂದು ಮಗುವಿಗೆ ವಾರಕ್ಕೆ ಎರಡು ಸರದಿ ಸಾಕು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2021ರ ಮಾರ್ಗಸೂಚಿಯಲ್ಲಿ 5ರಿಂದ 10 ವರ್ಷದ ಮಕ್ಕಳಿಗೆ ಇಡೀ ದಿನದ ಪರದೆ ಸಮಯ 2 ಗಂಟೆಯೊಳಗಿರಲಿ ಎಂದಿದೆ. ಅದರ ಬಹುಪಾಲನ್ನು ಮನೆಯ ಟಿವಿ, ಅಪ್ಪನ ಫೋನು ಆಗಲೇ ತಿಂದಿರುತ್ತವೆ. ಶಾಲೆ ಅದಕ್ಕೆ ಸೇರಿಸುವುದಾದರೆ ಮನೆಯಲ್ಲಿ ಸಿಗದಂಥದ್ದನ್ನೇ ಸೇರಿಸಬೇಕು.

ಪ್ರಶ್ನೆಯ ಹಗ್ಗ

ಕಲಿಕಾ ಚಪ್ಪರದ (ಮಕ್ಕಳ ಕೆಲಸ ತೂಗುಹಾಕಲು ಕೋಣೆಯ ಮೇಲ್ಗಡೆ ಕಟ್ಟಿದ ಹಗ್ಗಗಳ) ಒಂದು ಹಗ್ಗವನ್ನು ಮಕ್ಕಳ ಕೈಗೆಟುಕುವಷ್ಟು ಇಳಿಸಿ. ಮಗು ಕೇಳಿದ ಪ್ರಶ್ನೆಯನ್ನು ಅದರ ಮಾತಿನಲ್ಲೇ ಚೀಟಿಗೆ ಬರೆದು ತೂಗುಹಾಕಿ. "ಇರುವೆ ಯಾಕ್ ಸಾಲಾಗೇ ಓಯ್ತದೆ?" ಎಂದು ಕೇಳಿದರೆ ಹಾಗೆಯೇ ಬರೆಯಿರಿ; ತಿದ್ದಿದರೆ ಆ ಪ್ರಶ್ನೆ ನಿಮ್ಮದಾಗುತ್ತದೆ.

ಪ್ರತಿ ಚೀಟಿಯ ಮುಂದೆ ಮಕ್ಕಳೊಂದಿಗೆ ಮೂರು ಮೆಟ್ಟಿಲು ಇಳಿಯಿರಿ. ಕಣ್ಣು, ಕೈಯಿಂದ ಗೊತ್ತಾಗುತ್ತದೆಯೇ? ಊರಲ್ಲಿ ಯಾರಿಗಾದರೂ ಗೊತ್ತಿದೆಯೇ? ಎರಡೂ ಆಗದೆ ಉಳಿದದ್ದಕ್ಕೆ ಮಾತ್ರ ಫೋನು. ಬಹಳಷ್ಟು ಪ್ರಶ್ನೆಗಳು ಮೊದಲ ಎರಡು ಮೆಟ್ಟಿಲಲ್ಲೇ ತೀರುತ್ತವೆ, ತೀರಲಿ. ಕುಂಬಾರರ ಮನೆಗೆ ಹೋಗಿ ಕೇಳಬಹುದಾದ್ದನ್ನು ವಿಡಿಯೊದಲ್ಲಿ ತೋರಿಸುವುದು ಮಗುವಿಗೆ ಮಾಡುವ ನಷ್ಟ.

ಒಂದು ಪ್ರಶ್ನೆಯನ್ನು ಕೊನೆತನಕ ಒಯ್ಯುವುದು: ಇರುವೆಗೆ ಏನಿಷ್ಟ?

ಇರುವೆಯ ಪ್ರಶ್ನೆಯಲ್ಲಿ ಫೋನು ನಿಜವಾಗಿ ಬೇಕಾಗುವ ಜಾಗ ಒಂದಿದೆ. ಓಡಾಡುವ ಇರುವೆಗಳನ್ನು ಏಳು ವರ್ಷದ ಮಗು ಎಣಿಸಲಾರದು, ದೊಡ್ಡವರಿಗೂ ಕಷ್ಟ. ನಿಂತ ಚಿತ್ರದಲ್ಲಿ ಎಣಿಸಬಹುದು. ಯಂತ್ರ ಇಲ್ಲಿ ಉತ್ತರ ಹೇಳುವುದಿಲ್ಲ, ಮಗು ಉತ್ತರ ಹುಡುಕಲು ಕಾಲವನ್ನು ಹಿಡಿದು ನಿಲ್ಲಿಸಿಕೊಡುತ್ತದೆ.

ಮೊದಲ ದಿನ ಫೋನು ಬೇಡವೇ ಬೇಡ. ಭೂತಗನ್ನಡಿ ಹಿಡಿದು ಅಂಗಳದಲ್ಲಿ ಸಾಲು ಹುಡುಕಲಿ, ನೋಡಿದ್ದನ್ನು ಗೋಡೆಯ ಕರಿಹಲಗೆಯ ಮೇಲೆ ತಮ್ಮ ತಮ್ಮ ಚೌಕದಲ್ಲಿ ಬಿಡಿಸಲಿ. ಸಣ್ಣ ಕಪ್ಪಿರುವೆಯ ಸಾಲನ್ನೇ ಆರಿಸಿ, ಕೆಂಪಿರುವೆ ಕಟ್ಟಿರುವೆಗಳ ತಂಟೆಗೆ ಹೋಗಬೇಡಿ.

ಎರಡನೆಯ ದಿನ: ನಾಲ್ಕು ಸಣ್ಣ ಬಟ್ಟಲಿನಲ್ಲಿ ಎರಡೆರಡು ಚಮಚ ನೀರು ಹಾಕಿ. ಒಂದಕ್ಕೆ ಅರ್ಧ ಚಮಚ ಬೆಲ್ಲದ ಪುಡಿ, ಒಂದಕ್ಕೆ ಅಷ್ಟೇ ಸಕ್ಕರೆ, ಒಂದಕ್ಕೆ ಅಷ್ಟೇ ಉಪ್ಪು. ನಾಲ್ಕನೆಯದು ಬರೀ ನೀರು. ಅದನ್ನು ಬಿಡಬೇಡಿ, ಅದಿಲ್ಲದಿದ್ದರೆ ಇರುವೆ ಸಿಹಿಗೆ ಬಂತೋ ತೇವಕ್ಕೆ ಬಂತೋ ತಿಳಿಯುವುದಿಲ್ಲ. ಬಿಳಿ ಎ4 ಹಾಳೆಯ ಮೇಲೆ ಬಳೆಯಿಟ್ಟು ನಾಲ್ಕು ವೃತ್ತ ಬರೆಯಿರಿ. ಪ್ರತಿ ವೃತ್ತದ ನಡುವೆ ಕಡಲೆಕಾಳಿನಷ್ಟು ಹತ್ತಿ, ಅದ್ದಿ ಹಿಂಡಿದ್ದು. ಸಾಲಿನಿಂದ ಒಂದು ಮೊಳ ದೂರದಲ್ಲಿ, ನೆರಳಿನಲ್ಲಿ ಹಾಳೆಯನ್ನಿಡಿ. ನಾಲ್ಕು ವೃತ್ತವೂ ಸಾಲಿಗೆ ಹೆಚ್ಚುಕಡಿಮೆ ಒಂದೇ ದೂರದಲ್ಲಿರಲಿ.

ಹಾಳೆಯ ಎರಡು ಬದಿಗೆ ಮೂರು ಮೂರು ಇಟ್ಟಿಗೆ ಅಡ್ಡಲಾಗಿ ಪೇರಿಸಿ, ಸುಮಾರು 9 ಇಂಚು ಎತ್ತರ ಬರುತ್ತದೆ. ಮೇಲೆ ಎರಡು ಸ್ಕೇಲನ್ನು ಬೆರಳಗಲ ಬಿಟ್ಟು ಸಮಾನಾಂತರವಾಗಿಡಿ. ಆ ಸಂದಿಯ ಮೇಲೆ ಕ್ಯಾಮೆರಾ ಕಣ್ಣು ಬರುವಂತೆ ಫೋನನ್ನು ಮಲಗಿಸಿ. ಕೈಯಲ್ಲಿ ಹಿಡಿದು ತೆಗೆದರೆ ಪ್ರತಿ ಚಿತ್ರದ ಅಳತೆ ಬೇರೆಯಾಗುತ್ತದೆ, ಮಗುವಿನ ಉಸಿರು ತಾಗಿ ಇರುವೆ ಚದುರುತ್ತದೆ. ಫೋನಿನ ನೆರಳು ಹಾಳೆಯ ಮೇಲೆ ಬಿದ್ದರೆ ಇಡೀ ಜೋಡಣೆಯನ್ನು ಸ್ವಲ್ಪ ತಿರುಗಿಸಿ.

ಇಟ್ಟ ಕೂಡಲೇ ಒಂದು ಚಿತ್ರ, ಆಮೇಲೆ 5 ನಿಮಿಷಕ್ಕೊಂದರಂತೆ ಅರ್ಧ ಗಂಟೆ, ಒಟ್ಟು ಏಳು. ಗಡಿಯಾರ ನೋಡಿ "ಈಗ" ಎನ್ನುವ ಕೆಲಸ ಗುರುತು ಮಾಡುವ ಮಗುವಿನದು. ನಡುವಿನ ಹೊತ್ತಿನಲ್ಲಿ ಪರದೆ ಆರಿರುತ್ತದೆ, ಕಣ್ಣು ಇರುವೆಯ ಮೇಲೆ. ಆಮೇಲೆ ಕೋಣೆಗೆ ಬಂದು ಒಂದೊಂದು ಚಿತ್ರವನ್ನು ಹಿಗ್ಗಿಸಿ, ಒಬ್ಬರು ಬೆರಳಿಟ್ಟು ಎಣಿಸಿದ ಪ್ರತಿ ಇರುವೆಗೆ ಇನ್ನೊಬ್ಬರು ಒಂದು ಹುಣಸೆಬೀಜ ಇಡಲಿ. ವೃತ್ತದ ಒಳಗಿರುವುದಷ್ಟೇ ಲೆಕ್ಕ. ಗೆರೆಯ ಮೇಲಿರುವ ಇರುವೆಯನ್ನು ಏನು ಮಾಡುವುದು ಎಂದು ಜಗಳ ಬಂದೇ ಬರುತ್ತದೆ. ನೀವು ತೀರ್ಪು ಕೊಡಬೇಡಿ. ಅವರೇ ಒಂದು ನಿಯಮ ಮಾಡಿಕೊಂಡು ಏಳೂ ಚಿತ್ರಕ್ಕೆ ಅದನ್ನೇ ಪಾಲಿಸಲಿ. ಬೀಜದ ಸಾಲುಗಳು ನೆಲದ ಮೇಲೆ ತಾವಾಗಿ ಸ್ತಂಭಚಿತ್ರವಾಗುತ್ತವೆ. ಅದನ್ನು ಚೌಕುಳಿ ಹಾಳೆಗೆ ಇಳಿಸಿದರೆ ಗಣಿತದ ಕಾರ್ಡೂ ಮುಗಿಯಿತು.

ಅರ್ಧ ಗಂಟೆಯಲ್ಲಿ ಒಂದು ಇರುವೆಯೂ ಬಾರದಿರುವುದುಂಟು. ಮಳೆ ಬಂದ ಮರುದಿನ, ಸುಡು ಮಧ್ಯಾಹ್ನ, ಸಾಲಿನಿಂದ ಹಾಳೆ ತೀರ ದೂರವಾದಾಗ ಹೀಗಾಗುತ್ತದೆ. ಖಾಲಿ ಹಾಳೆಯ ಏಳು ಚಿತ್ರವೂ ಉತ್ತರವೇ. ಏಕೆ ಬರಲಿಲ್ಲ ಎಂಬ ಹೊಸ ಚೀಟಿ ಹಗ್ಗಕ್ಕೆ ಹೋಗಲಿ.

ಧ್ವನಿ: ಈ ವಯಸ್ಸಿಗೆ ಫೋನಿನ ಅತಿ ಬೆಲೆಯುಳ್ಳ ಭಾಗ

ಮಾತಾಡಬಲ್ಲ, ಇನ್ನೂ ಬರೆಯಲಾರದ ಮಗುವಿಗೆ ಧ್ವನಿ ಮುದ್ರಕವೇ ಪೆನ್ನು. ಅಜ್ಜಿ ಹೇಳಿದ ಒಗಟು, ಸಂತೆಯಲ್ಲಿ ಕೇಳಿದ ಕೂಗು, ತಾನೇ ಕಟ್ಟಿದ ಕಥೆ, ಎಲ್ಲವೂ ಮಗು ತಾನೇ ಮಾಡಿದ ಪಾಠವಾಗಬಲ್ಲವು.

ಸ್ಪಷ್ಟ ಧ್ವನಿ ಹಿಡಿಯುವುದು ಕಷ್ಟವೇನಲ್ಲ. ಫೋನು ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲದೆ ತುಸು ಬದಿಗಿರಲಿ. ನೇರವಿದ್ದರೆ ಪ, ಫ, ಭಗಳ ಗಾಳಿ ಮೈಕಿಗೆ ಬಡಿದು "ಬುಸ್" ಎನ್ನುತ್ತದೆ. ಮಡಚಿದ ಗೋಣಿಚೀಲದ ಮೇಲಿಡಿ, ಬೆಂಚಿನ ಮೇಲಿಟ್ಟರೆ ಮಕ್ಕಳ ಕೈ ತಟ್ಟಿದ ಸದ್ದೆಲ್ಲ ಬರುತ್ತದೆ. ಫ್ಯಾನು ಆರಿಸಿ. ಗುಂಡಿ ಒತ್ತಿ ಮನಸ್ಸಿನಲ್ಲಿ ಮೂರು ಎಣಿಸಿ ಆಮೇಲೆ ಮಾತು ಶುರು, ಇಲ್ಲದಿದ್ದರೆ ಮೊದಲ ಪದ ಕತ್ತರಿಸಿಹೋಗುತ್ತದೆ. ಒಂದು ಮುದ್ರಣ ಒಂದು ನಿಮಿಷ ಮೀರದಿರಲಿ. ಉದ್ದವಾದದ್ದನ್ನು ಮಕ್ಕಳು ಮತ್ತೆ ಕೇಳುವುದಿಲ್ಲ. ಮೊದಲ ದಿನ ತಮ್ಮ ಧ್ವನಿ ಕೇಳಿ ಎಲ್ಲರೂ ನಗುತ್ತಾರೆ. ಆ ದಿನವನ್ನು ನಗುವಿಗೇ ಬಿಟ್ಟುಕೊಡಿ, ಕೆಲಸ ಮರುದಿನದಿಂದ.

ಮನೆಯಲ್ಲಿ ಲಂಬಾಣಿ, ತುಳು, ಉರ್ದು, ಕೊಂಕಣಿ ಆಡುವ ಮಕ್ಕಳಿರುವ ಕೋಣೆಯಲ್ಲಿ ಮಾತಾಡುವ ಕಾರ್ಡುಗಳನ್ನು ಮಾಡಿ. ಇಪ್ಪತ್ತು ಚಿತ್ರ ಕಾರ್ಡಿಗೆ 01ರಿಂದ 20ರ ತನಕ ಸಂಖ್ಯೆ ಬರೆಯಿರಿ. ಮಗು ಕಾರ್ಡನ್ನು ನೋಡಿ ತನ್ನ ಮನೆಮಾತಿನ ಪದ ಹೇಳಲಿ, ಗೆಳೆಯ ಕನ್ನಡ ಪದ ಹೇಳಲಿ. ಕಡತಕ್ಕೆ ಅದೇ ಸಂಖ್ಯೆಯ ಹೆಸರು ಕೊಡಿ. ಹೆಸರು ಬದಲಿಸುವ ಕೆಲಸವನ್ನು ಅದೇ ದಿನ ಮುಗಿಸಿ. ಫೋನು ತಾನಾಗಿ ಕೊಡುವ ದಿನಾಂಕದ ಹೆಸರಿನಲ್ಲಿ ವಾರದ ಮೇಲೆ ಯಾವುದು ಯಾವುದೆಂದು ಯಾರಿಗೂ ತಿಳಿಯದು. ಇಷ್ಟಾದ ಮೇಲೆ ತರಗತಿಯಲ್ಲಿ ಬಾಯಿಬಿಡದೆ ಕೂರುತ್ತಿದ್ದ ಮಗು ಉಳಿದವರಿಗೆ ಪದ ಕಲಿಸುವ ಜಾಗಕ್ಕೆ ಬರುತ್ತದೆ. ಶಿಕ್ಷಕರೂ ಆ ಕಾರ್ಡು ಹಿಡಿದು ಕಲಿಯಬೇಕು, ಮಕ್ಕಳ ಎದುರಿಗೇ.

ಓದಿನ ಕಾರ್ಡಿಗೂ ಇದು ಉಪಯುಕ್ತ. ಒಂದೇ ಕಾರ್ಡನ್ನು ಎರಡು ವಾರದ ಅಂತರದಲ್ಲಿ ಎರಡು ಸಲ ಓದಿ ಮುದ್ರಿಸಿ, ಆ ಮಗುವಿಗೆ ಮಾತ್ರ ಕೇಳಿಸಿ. "ಏನ್ ಬದಲಾಯ್ತು?" ಎಂದಷ್ಟೇ ಕೇಳಿ. ತರಗತಿಗೆಲ್ಲ ಕೇಳಿಸಿದರೆ ತಡವರಿಸುವ ಮಗು ಮತ್ತೆ ಮೈಕಿನ ಮುಂದೆ ಬರಲಾರದು.

ಮಾತಾಡಿದ್ದನ್ನು ಅಕ್ಷರವಾಗಿಸುವ ಸೌಲಭ್ಯ ಕನ್ನಡದಲ್ಲೂ ಇದೆ. ಈ ವಯಸ್ಸಿನವರ ಕೈಗೆ ಅದು ಬೇಡ. ಚಿಕ್ಕ ಮಕ್ಕಳ ಉಚ್ಚಾರವನ್ನು, ಊರಿನ ಮಾತನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ತನಗೆ ಗೊತ್ತಿರುವ ಪುಸ್ತಕದ ರೂಪಕ್ಕೆ ತಿರುಗಿಸಿಬಿಡುತ್ತದೆ. ತಾನಾಡಿದ್ದು ತಪ್ಪೆಂದು ಮಗುವಿಗೆ ಯಂತ್ರ ಹೇಳಿದಂತಾಗುತ್ತದೆ.

ನಿಧಾನ ಮತ್ತು ಬೇಗ

ಬಸವನಹುಳುವಿನ ಕಾರ್ಡು ಸ್ಲೋ ಮೋಷನ್‌ಗೆ. ಸೆಕೆಂಡಿಗೆ 120 ಚಿತ್ರ ತೆಗೆದು 30ರಂತೆ ಓಡಿಸಿದರೆ ನಾಲ್ಕು ಪಟ್ಟು ನಿಧಾನ. ಬುಗುರಿ ಬೀಳುವ ಮೊದಲು ಹೇಗೆ ವಾಲುತ್ತದೆ, ನೀರಿನ ಹನಿ ಬಿದ್ದಾಗ ಏನಾಗುತ್ತದೆ ಎಂದು ನೋಡಬಹುದು. ಇದಕ್ಕೆ ಬಯಲಿನ ಬೆಳಕು ಬೇಕು, ಕೋಣೆಯೊಳಗೆ ಚಿತ್ರ ಕಪ್ಪಾಗುತ್ತದೆ. ಮೊದಲು ಊಹೆಯನ್ನು ಬಿಡಿಸಿ ಇಟ್ಟುಕೊಂಡು ಆಮೇಲೆ ನೋಡಬೇಕು, ತಿರುವುಮುರುವಾದರೆ ಬರೀ ಮೋಜು.

ಮೊಳಕೆಗೆ ಬೇರೆ ಆಪ್ ಬೇಡ. ಎಂಟು ಗಂಟೆ ನೆನೆಸಿದ ಹೆಸರುಕಾಳನ್ನು ಒದ್ದೆಬಟ್ಟೆಯ ಮೇಲಿಟ್ಟು, ಅದೇ ಇಟ್ಟಿಗೆಯ ಮೇಲಿಂದ ದಿನಕ್ಕೆರಡು ಚಿತ್ರ ತೆಗೆದು, ವಾರದ ಕೊನೆಗೆ ಗ್ಯಾಲರಿಯಲ್ಲಿ ಬೆರಳಿಂದ ಸರಸರ ಸರಿಸಿದರೆ ಬೇರು ಬೆಳೆಯುವುದು ಕಾಣುತ್ತದೆ.

ಇಂಟರ್‌ನೆಟ್ ಬೇಕಾದಾಗ

ತಿಮಿಂಗಿಲ ಹೇಗೆ ಕೂಗುತ್ತದೆ ಎಂಬ ಪ್ರಶ್ನೆಗೆ ಅಂಗಳದಲ್ಲಿ ಉತ್ತರವಿಲ್ಲ. ಆಗ ನಿಮ್ಮ ಫೋನಿನಲ್ಲಿ, ಹಿಂದಿನ ಸಂಜೆ ನೀವೇ ಹುಡುಕಿ, ಪೂರ್ತಿ ಕೇಳಿ ನೋಡಿ, ಒಂದು ನಿಮಿಷದ ಒಂದೇ ತುಣುಕನ್ನು ಇಳಿಸಿಕೊಂಡು ಬನ್ನಿ. ನೇರವಾಗಿ ಯೂಟ್ಯೂಬ್ ತೆರೆದರೆ ಜಾಹೀರಾತು ಬರುತ್ತದೆ, ಮುಗಿದ ಕೂಡಲೇ ಇನ್ನೊಂದು ತಾನಾಗಿ ಓಡುತ್ತದೆ, ಪಕ್ಕದ ಚಿತ್ರಗಳು ಕರೆಯುತ್ತವೆ, ತಿಮಿಂಗಿಲ ಮರೆತುಹೋಗುತ್ತದೆ. ಕಥೆ ಬೇಕೆಂದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳಿವೆ. ಪರದೆಯ ಮೇಲೆ ತೋರಿಸುವ ಬದಲು ಮುದ್ರಿಸಿ ಹೊಲಿದು ಮಕ್ಕಳ ಕೈಗೆ ಸಿಗುವಂತೆ ಇಡಿ. ಪ್ರಶ್ನೆಗೆ ಉತ್ತರ ಹೇಳುವ ಎಐ ಸಹಾಯಕಗಳನ್ನು ಮಕ್ಕಳ ಕೈಗೆ ಕೊಡಬೇಡಿ. ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ, ಅದನ್ನು ಒರೆಗೆ ಹಚ್ಚುವ ಶಕ್ತಿ ಮಗುವಿಗೆ ಇನ್ನೂ ಬಂದಿಲ್ಲ.

ಬೇಡ ಎನ್ನಬೇಕಾದ ಕಡೆ

ಗಾಜಿನ ಮೇಲೆ ಅಕ್ಷರ ತಿದ್ದುವುದು ಬೇಡ. ಬೆರಳು ಜಾರುತ್ತದೆ, ಮರಳು, ಸ್ಲೇಟು ಕೊಡುವ ತಡೆಯೇ ಕೈಗೆ ತಿರುವನ್ನು ಕಲಿಸುವುದು. ನಾಲ್ಕರಲ್ಲಿ ಒಂದನ್ನು ಒತ್ತುವ ಆಟಗಳೂ ಬೇಡ. ಮೂರು ಸಲ ತಪ್ಪೊತ್ತಿದರೂ ನಾಲ್ಕನೆಯದು ಸರಿಯಾಗಲೇಬೇಕು, ಚಪ್ಪಾಳೆಯೂ ಬರುತ್ತದೆ, ಮಗು ಕಲಿಯುವುದು ಒತ್ತುವುದನ್ನು. ಬೇಗ ಮುಗಿಸಿದವರಿಗೆ ಬಹುಮಾನವಾಗಿ ಫೋನು ಕೊಡುವುದಂತೂ ಏಣಿಯನ್ನೇ ಕೆಡಿಸುತ್ತದೆ. ಮಕ್ಕಳು ಮೆಟ್ಟಿಲು ಹಾರಲು ಶುರುಮಾಡುತ್ತಾರೆ, ನಿಧಾನವಾಗಿ ಕಲಿಯುವ ಮಗುವಿನ ಕೈಗೆ ಅದು ಎಂದೂ ಬರುವುದಿಲ್ಲ.

ಮುಖ ಬೇಡ, ಕೈ ಸಾಕು

ಮಕ್ಕಳಿಗೆ ಹೇಳಿಕೊಡಬೇಕಾದ ಮೊದಲ ನಿಯಮ ಇದೇ. ಇರುವೆ, ಎಲೆ, ಬರೆದ ಸ್ಲೇಟು, ಕೆಲಸ ಮಾಡುವ ಕೈಗಳ ಚಿತ್ರ ತೆಗೆಯಬಹುದು; ಯಾರ ಮುಖವನ್ನೂ ಕೇಳದೆ ತೆಗೆಯುವಂತಿಲ್ಲ, ಶಿಕ್ಷಕರದ್ದನ್ನೂ ಸೇರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂಬುದು ಅದರ ತಿರುಳು. ವಾಟ್ಸಾಪ್ ಗುಂಪಿಗೂ ಸ್ಟೇಟಸ್‌ಗೂ ಮಕ್ಕಳ ಚಿತ್ರ, ಧ್ವನಿ ಹೋಗಬಾರದು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿ) ಸಭೆಯಲ್ಲಿ ಫೋನನ್ನು ಪೋಷಕರ ಕೈಗೇ ಕೊಟ್ಟು, ಸಿಮ್ ಇಲ್ಲದ್ದನ್ನು, ಪಿನ್ ಮಾಡಿದ್ದನ್ನು ತೋರಿಸಿ. "ಮನೇಲೂ ಫೋನು, ಇಲ್ಲೂ ಫೋನಾ ಮೇಷ್ಟ್ರೇ?" ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹುಣಸೆಬೀಜದ ಸಾಲನ್ನು, ಇರುವೆಯ ಏಳು ಚಿತ್ರವನ್ನು ಅವರ ಮಗುವೇ ವಿವರಿಸಲಿ.

ಶನಿವಾರದ ಕೆಲಸ

ಶನಿವಾರ ಬೆಳಿಗ್ಗೆ ಅರ್ಧ ಗಂಟೆ ಮಕ್ಕಳೇ ಗ್ಯಾಲರಿ ತೆರೆದು, ವಾರದ ಮೂರು ಚಿತ್ರ, ಎರಡು ಧ್ವನಿ ಆರಿಸಲಿ. ಏಕೆ ಆರಿಸಿದೆವೆಂದು ಒಂದು ವಾಕ್ಯ ಹೇಳಲಿ. ಉಳಿದವನ್ನು ಅವರ ಕೈಯಲ್ಲೇ ಅಳಿಸಿ. ಅಳಿಸಿದ್ದು ಕಸದ ಬುಟ್ಟಿ ಫೋಲ್ಡರಿನಲ್ಲಿ ಉಳಿದಿರುತ್ತದೆ, ಅಲ್ಲಿಂದಲೂ ತೆಗೆಯಿರಿ. ಆರಿಸಿದ ಚಿತ್ರಗಳನ್ನು ತಿಂಗಳಿಗೊಮ್ಮೆ ಸ್ಟುಡಿಯೊದಲ್ಲಿ ಮುದ್ರಿಸಿ ಚಪ್ಪರಕ್ಕೆ ಕಟ್ಟಿ.

ನೀವೂ ಒಂದು ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆದಿಡಿ: ಯಾವ ಪ್ರಶ್ನೆಗೆ ಫೋನು ಬಳಸಿದರು, ಆಮೇಲೆ ಕೈಯಿಂದ ಏನು ಮಾಡಿದರು, ಹೊಸ ಪ್ರಶ್ನೆ ಹುಟ್ಟಿತೇ. ಎರಡನೆಯ ಅಂಕಣ ಮತ್ತೆ ಮತ್ತೆ ಖಾಲಿ ಉಳಿದರೆ ಫೋನು ಟಿವಿಯಾಗುತ್ತಿದೆ ಎಂದರ್ಥ. ಎರಡು ತಿಂಗಳಿಗೊಮ್ಮೆ ಒಂದು ವಾರ ಅದನ್ನು ಬೀರುವಿನಲ್ಲಿಟ್ಟು ನೋಡಿ. ಹಗ್ಗಕ್ಕೆ ಚೀಟಿಗಳು ಮೊದಲಿನಂತೆಯೇ ಬರುತ್ತಿದ್ದರೆ ಸರಿ. ನಿಂತುಹೋದರೆ ಇನ್ನೂ ಎರಡು ವಾರ ಒಳಗೇ ಇರಲಿ, ಮಕ್ಕಳೊಂದಿಗೆ ಅಂಗಳಕ್ಕೆ ಹೋಗಿ.

ಬೇಸಿಗೆ ರಜೆಗೆ ಮುಂಚೆ ಫೋನನ್ನು ಅರ್ಧದಷ್ಟು ಚಾರ್ಜ್ ಮಾಡಿ, ಪೂರ್ತಿ ಆರಿಸಿ, ಬಿಸಿಲು ತಾಗದ ಕಡೆ ಇಡಿ. ಶೀಟಿನ ಚಾವಣಿಯ ಕೋಣೆಯ ಬೀರು ಏಪ್ರಿಲ್‌ನಲ್ಲಿ ಕಾಯುತ್ತದೆ, ಆ ಶಾಖಕ್ಕೆ ಬ್ಯಾಟರಿ ಕೆಡುತ್ತದೆ. ಶಾಲೆ ತೆರೆದ ಮೇಲೆ ಮಕ್ಕಳಿಗೆ ಕೊಡುವ ಮುನ್ನ ಮೇಜಿನ ಮೇಲಿಟ್ಟು ಮತ್ತೊಮ್ಮೆ ತಿರುಗಿಸಿ ನೋಡಿ.